‘ಈ ಪೇಢಾ ಯಾವಾಗ ಮಾಡೀರಿ?’: ಹಿಸ್ಟಮಿನ್ ತೊಂದರೆ ಇದ್ದವರ ಸಿಹಿ ಲೆಕ್ಕ

ಖಂಡೇಪೂಜಿ ಬಂತೆಂದರೆ ನಮ್ಮ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮಷಿನ್‌ಗಳಿಗೆ ಚೆಂಡುಹೂವಿನ ಹಾರ, ಗೇಟಿಗೆ ಬಾಳೆಕಂಬ, ಆಫೀಸಿನ ಟೇಬಲ್ ಮೇಲೆ ಸ್ವೀಟ್ ಬಾಕ್ಸುಗಳ ರಾಶಿ. ವೆಂಡರ್ ಕೊಟ್ಟ ಪೇಢಾ, ಬ್ಯಾಂಕಿನವರು ಕಳಿಸಿದ ಕಾಜು ಕತ್ಲಿ, ಪಕ್ಕದ ಯುನಿಟ್ಟಿನಿಂದ ಬಂದ ಬೂಂದಿ ಉಂಡಿ. ದೀಪಾವಳಿ ಮುಗಿಯುವ ತನಕ ಇದೇ ಕಥೆ. “ಒಂದ್ ತಗೋ ತಂಗಿ, ಒಂದ್ರಾಗ ಏನಾಗ್ತೈತಿ” ಎಂದು ಸ್ಟೋರ್ಸಿನ ಕಾಕಾ ಬಾಕ್ಸ್ ಮುಂದೆ ಹಿಡಿದರೆ ಬ್ಯಾಡ ಅನ್ನೋದು ಕಷ್ಟ. ಶುಗರ್ ಇದ್ದವರಿಗೆ ಬಿಡುಗಡೆ ಇದೆ. “ನನಗ ಶುಗರ್ ಐತ್ರಿ” ಅಂದರೆ ಸಾಕು, ಇಡೀ ಊರಿಗೆ ಅರ್ಥವಾಗುತ್ತದೆ. ನಾನು ನನ್ನ ತೊಂದರೆಯ ಹೆಸರು ಹೇಳಿದರೆ ಎದುರಿನವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಒಮ್ಮೆ ಬಾಕ್ಸ್ ನೋಡುತ್ತಾರೆ.

ನನಗಿರುವುದು ಹಿಸ್ಟಮಿನ್ ಇಂಟಾಲರೆನ್ಸ್. ಕೆಲವು ತಿನಿಸು ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುತ್ತದೆ, ಮೂಗು ಕಟ್ಟುತ್ತದೆ, ಕುತ್ತಿಗೆ ತುರಿಸುತ್ತದೆ, ತಲೆ ಸಿಡಿಯುತ್ತದೆ. ಒಮ್ಮೊಮ್ಮೆ ಎದೆ ಡವಡವ, ಇಲ್ಲವೇ ಹೊಟ್ಟೆ ಕೆಟ್ಟು ಎರಡು ಮೂರು ಸಲ ಓಡಾಟ. ಬೇರೆ ಕಾಯಿಲೆ ಯಾವುದೂ ಅಲ್ಲ ಎಂದು ಖಾತ್ರಿಯಾದ ಮೇಲೆ ಡಾಕ್ಟರ್ ಈ ಹೆಸರು ಹೇಳಿದರು. ಆವತ್ತು ನಾನು ಕೇಳಿದ ಮೊದಲ ಪ್ರಶ್ನೆ, “ಹಂಗಾದ್ರ ಸಿಹಿ ಬಂದಾ ಏನ್ರೀ?” ಅವರು ನಕ್ಕು, “ಸಕ್ಕರೀದು ಏನೂ ತಪ್ಪಿಲ್ಲ” ಅಂದರು. ಈ ಬರಹ ಆ ಮಾತಿನ ವಿಸ್ತರಣೆ.

ಮೋರಿ ಸಣ್ಣದಾದರೆ

ಹಿಸ್ಟಮಿನ್ ನಮ್ಮ ಮೈಯೊಳಗೇ ಇರುವ ರಾಸಾಯನಿಕ. ಸೊಳ್ಳೆ ಕಚ್ಚಿದ ಜಾಗ ಉಬ್ಬಿ ತುರಿಸುವುದು ಇದರಿಂದಲೇ. ಹೊಟ್ಟೆಯಲ್ಲಿ ಆಮ್ಲ ಸುರಿಯಲಿಕ್ಕೂ ಇದು ಬೇಕು. ಇದರ ಜೊತೆ ಆಹಾರದಿಂದಲೂ ಒಂದಿಷ್ಟು ಹಿಸ್ಟಮಿನ್ ಒಳಗೆ ಬರುತ್ತದೆ. ಅದನ್ನು ಕರುಳಿನಲ್ಲೇ ಒಡೆದು ಹಾಕಲಿಕ್ಕೆ ಡಯಮಿನ್ ಆಕ್ಸಿಡೇಸ್ ಎಂಬ ಕಿಣ್ವ ಇದೆ. ಚಿಕ್ಕದಾಗಿ ಡಿಎಒ. ಹಿಸ್ಟಮಿನ್ ಒಡೆಯುವ ಇಂಥ ಕಿಣ್ವವನ್ನು 1929ರಲ್ಲಿ ಗುರುತಿಸಿದ ಇಬ್ಬರಲ್ಲಿ ಒಬ್ಬರು ಚಾರ್ಲ್ಸ್ ಬೆಸ್ಟ್. ಇನ್ಸುಲಿನ್ ಕಂಡುಹಿಡಿದ ತಂಡದಲ್ಲಿದ್ದರಲ್ಲ, ಅವರೇ. ಸಿಹಿ ತಿನ್ನುವ ಎರಡು ಬಗೆಯ ರೋಗಿಗಳಿಗೂ ಬೇಕಾದ ಮನುಷ್ಯ.

ಬಚ್ಚಲ ಮೋರಿ ದೊಡ್ಡದಿದ್ದರೆ ಕೊಡ ನೀರು ಸುರಿದರೂ ಹರಿದುಹೋಗುತ್ತದೆ. ಮೋರಿ ಸಣ್ಣದಾಗಿದ್ದರೆ ಎರಡು ತಂಬಿಗೆಗೇ ಬಚ್ಚಲು ತುಂಬಿ ನಡುಮನೆಗೆ ಬರುತ್ತದೆ. ಡಿಎಒ ಕಡಿಮೆ ಇದ್ದವರದು ಇದೇ ಪಾಡು. ಹಾಗಂತ ಇದು ನಮ್ಮಂಥವರಿಗೆ ಮಾತ್ರ ಎನ್ನುವಂತಿಲ್ಲ. 2004ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಆರೋಗ್ಯವಂತರಾದ 10 ಜನರಿಗೆ 75 ಮಿಲಿಗ್ರಾಂ ಹಿಸ್ಟಮಿನ್ ಕುಡಿಸಿದಾಗ 5 ಜನರಿಗೆ ತಲೆನೋವು, ಮೂಗು ಕಟ್ಟುವುದು, ಹೊಟ್ಟೆ ತೊಂದರೆ ಇಂಥವು ಕಾಣಿಸಿಕೊಂಡವು. ಕೆಟ್ಟ ಮೀನು ತಿಂದ ಇಡೀ ಪಂಕ್ತಿಗೆ ಮುಖ ಕೆಂಪೇರುವುದೂ ಇದರಿಂದಲೇ. ವ್ಯತ್ಯಾಸ ಇರುವುದು ಪ್ರಮಾಣದಲ್ಲಿ.

ಅಲರ್ಜಿ ಬೇರೆ, ಇದು ಬೇರೆ. ಶೇಂಗಾ ಅಲರ್ಜಿ ಇದ್ದವರಿಗೆ ಅರ್ಧ ಕಾಳೂ ಜೀವಕ್ಕೆ ಕುತ್ತು ತರಬಹುದು. ಹಿಸ್ಟಮಿನ್ ತೊಂದರೆಯಲ್ಲಿ ಹಾಗಿಲ್ಲ. ಒಂದು ಪೇಢಾ ನಡೆಯುತ್ತದೆ, ನಾಲ್ಕು ನಡೆಯುವುದಿಲ್ಲ. ಸೋಮವಾರ ನಡೆದದ್ದು ಗುರುವಾರ ನಡೆಯುವುದಿಲ್ಲ. ಇದೇ ಕಾರಣಕ್ಕೆ ಮನೆಯವರಿಗೆ ಅನುಮಾನ ಶುರುವಾಗುತ್ತದೆ. “ಮೊನ್ನೆ ತಿಂದಾಗ ಏನೂ ಆಗಿರ್ಲಿಲ್ಲಲಾ, ಇವತ್ತ್ಯಾಕ?” ಅಂತ ನಮ್ಮವ್ವ ಎಷ್ಟು ಸಲ ಕೇಳಿರಬೇಕು. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರ ಇರುವುದು ಆ ಸಿಹಿಯ ವಯಸ್ಸಿನಲ್ಲಿ, ಮತ್ತು ಆವತ್ತು ಬೇರೆ ಏನೇನು ಉಂಡಿದ್ದೆವು ಅನ್ನುವುದರಲ್ಲಿ.

ಹಾಲು, ನೀರು, ಸಮಯ

ಹಾಲು, ಮೀನು, ಮಾಂಸ, ಕಾಳುಗಳ ಪ್ರೋಟೀನಿನಲ್ಲಿ ಹಿಸ್ಟಿಡಿನ್ ಎಂಬ ಅಂಶ ಇರುತ್ತದೆ. ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಆ ಕೆಲಸಕ್ಕೆ ಅವುಗಳಿಗೆ ತೇವ ಬೇಕು, ಒಂದಿಷ್ಟು ಬೆಚ್ಚಗಿನ ವಾತಾವರಣ ಬೇಕು, ಸಮಯ ಬೇಕು. ತಾಜಾ ಹಾಲಿನಲ್ಲಿ ಹಿಸ್ಟಮಿನ್ ತೀರಾ ಕಡಿಮೆ. ತಿಂಗಳುಗಟ್ಟಲೆ ಹಣ್ಣಾದ ಚೀಸಿನಲ್ಲಿ ಬಹಳ. ಎರಡೂ ಹಾಲೇ, ನಡುವೆ ಇರುವುದು ಕಾಲ.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಕುದಿಸಿದರೂ ಹುರಿದರೂ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಸಾಯುತ್ತದೆ, ಅದು ಮಾಡಿಟ್ಟದ್ದು ಉಳಿಯುತ್ತದೆ. ಅಂದರೆ ನಾಲ್ಕು ದಿನ ಹೊರಗಿದ್ದ ಖೋವಾವನ್ನು ಮತ್ತೆ ಸಕ್ಕರೆ ಹಾಕಿ ಎಷ್ಟೇ ಕೆಂಪಗೆ ಹುರಿದರೂ ವಾಸನೆ ಸರಿಹೋಗಬಹುದು, ನನ್ನ ತಲೆನೋವು ತಪ್ಪುವುದಿಲ್ಲ. ಫ್ರಿಜ್ ಕೂಡ ಹಾಗೆಯೇ. ಮುಂದೆ ಆಗುವುದನ್ನು ನಿಧಾನ ಮಾಡುತ್ತದೆ, ಆಗಿಹೋದದ್ದನ್ನು ಅಳಿಸುವುದಿಲ್ಲ.

ಈಗ ನಮ್ಮ ಧಾರವಾಡ ಪೇಢಾಕ್ಕೆ ಬರೋಣ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನ 19ನೇ ಶತಮಾನದಲ್ಲಿ ಇಲ್ಲಿ ಶುರು ಮಾಡಿದ ಕಸುಬು ಅದು. ಲೈನ್ ಬಜಾರಿನ ಅಂಗಡಿ ಮುಂದೆ ಪಾಳಿ ಹಚ್ಚಿ ನಿಂತವರಿಗೆ ಗೊತ್ತು, ಮಾಡಿದ್ದು ಅಂದಂದೇ ಖರ್ಚಾಗಿಬಿಡುತ್ತದೆ. ಹಾಲನ್ನು ಖೋವಾ ಮಾಡಿ, ಸಕ್ಕರೆಯೊಂದಿಗೆ ಕಂದು ಬಣ್ಣ ಬರುವ ತನಕ ಹುರಿದು, ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಹೀಗೆ ಹುರಿದಾಗ ತೇವ ಹೋಗುತ್ತದೆ, ಉಳಿದ ತೇವವನ್ನು ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ. ತಾಜಾ ಹಾಲಿನಿಂದ ಇವತ್ತೇ ಮಾಡಿದ ಪೇಢಾ ನನಗೆ ಆರಾಮಾಗಿ ನಡೆಯುತ್ತದೆ, ಒಂದೋ ಎರಡೋ. ಅದೇ ಪೇಢಾ ಬಾಕ್ಸಿನಲ್ಲಿ ಕೂತು, ಕಾರಿನ ಡಿಕ್ಕಿಯಲ್ಲಿ ಬಿಸಿಲುಂಡು, ಯುನಿಟ್ಟಿನ ಟೇಬಲ್ ಮೇಲೆ ಮೂರು ದಿನ ಇದ್ದು ಕೈಗೆ ಬಂದರೆ ನಡೆಯುವುದಿಲ್ಲ. ಹೆಸರು ಒಂದೇ, ಅಂಗಡಿಯೂ ಒಂದೇ.

ಹೀಗಾಗಿ ಅಂಗಡಿಯಲ್ಲಿ ನಾನು ಕೇಳುವುದು ಒಂದೇ ಪ್ರಶ್ನೆ. “ಈ ಪೇಢಾ ಯಾವಾಗ ಮಾಡೀರಿ?” ಮೊದಮೊದಲು ಮುಜುಗರ ಆಗುತ್ತಿತ್ತು, ಗಿರಾಕಿ ತಕರಾರು ತೆಗೆದಂತೆ ಅನಿಸುತ್ತಿತ್ತು. ಆದರೆ ಕೇಳುವ ಹಕ್ಕು ನಮಗಿದೆ. ಪ್ಯಾಕ್ ಮಾಡದೆ ಟ್ರೇಯಲ್ಲಿಟ್ಟು ಮಾರುವ ಸಿಹಿಗೂ ‘ಇಂಥ ದಿನದೊಳಗೆ ಬಳಸಿ’ ಎಂಬ ತಾರೀಖು ಹಾಕಬೇಕೆಂದು ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿತು. ಮಾಡಿದ ತಾರೀಖು ಹಾಕುವುದು ಮಾತ್ರ ಅಂಗಡಿಯವರ ಇಚ್ಛೆಗೆ ಬಿಟ್ಟಿದ್ದು. ನನ್ನ ದೃಷ್ಟಿಯಲ್ಲಿ ಉಲ್ಟಾ ಆಗಬೇಕಿತ್ತು, ಇರಲಿ. ಅದೇ ಸಂಸ್ಥೆಯ ಮಾರ್ಗಸೂಚಿಯಲ್ಲಿ ಕಲಾಕಂದ್‌ಗೆ 1 ದಿನ, ರಸಗುಲ್ಲಾದಂಥ ಬಂಗಾಳಿ ಸಿಹಿಗೆ 2 ದಿನ, ಬರ್ಫಿ ಮತ್ತಿತರ ಖೋವಾ ಸಿಹಿಗೆ 4 ದಿನ, ಬೇಸನ್ ಉಂಡಿಯಂಥವಕ್ಕೆ 30 ದಿನ ಎಂಬ ಅಂದಾಜಿದೆ. ಇದು ಕೆಡುವ ಲೆಕ್ಕ, ಹಿಸ್ಟಮಿನ್ ಲೆಕ್ಕ ಅಲ್ಲ. ಆದರೂ ತೇವ ಇದ್ದದ್ದು ಬೇಗ ತಿನ್ನಬೇಕು, ಒಣಗಿದ್ದು ತಡೆಯುತ್ತದೆ ಅನ್ನುವ ಕ್ರಮ ಎರಡಕ್ಕೂ ಒಂದೇ. ನಾಲ್ಕು ದಿನ ಅಂದಲ್ಲಿ ನಾನು ಒಂದು ದಿನ ಅಂತ ಓದಿಕೊಳ್ಳುತ್ತೇನೆ.

ಯಾರಾದರೂ ಪ್ರೀತಿಯಿಂದ ಅರ್ಧ ಕಿಲೋ ತಾಜಾ ಪೇಢಾ ಕೊಟ್ಟರೆ ಆವತ್ತೇ ಒಂದು ತಿಂದು, ಉಳಿದದ್ದನ್ನು ಎರಡೆರಡಾಗಿ ಸಣ್ಣ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಡುತ್ತೇನೆ. ಬೇಕಾದಾಗ ಒಂದು ಡಬ್ಬಿ ತೆಗೆದು, ಆವತ್ತೇ ಮುಗಿಸುವುದು.

ಪಂಚಮಿ ಉಂಡಿಯ ಡಬ್ಬಿ

ಉತ್ತರ ಕರ್ನಾಟಕದಲ್ಲಿ ಹುಟ್ಟಿದ್ದಕ್ಕೆ ನಮಗೊಂದು ಅನುಕೂಲ ಇದೆ. ನಾಗರ ಪಂಚಮಿಗೆ ಮನೆಮನೆಯಲ್ಲೂ ಕಟ್ಟುವ ಉಂಡಿಗಳು ಬಹುಪಾಲು ಒಣ ಉಂಡಿಗಳು. ರವೆ ಉಂಡಿ, ಬೇಸನ್ ಉಂಡಿ, ತಂಬಿಟ್ಟು, ಎಳ್ಳುಂಡಿ, ಶೇಂಗಾ ಉಂಡಿ. ಹುರಿದ ಹಿಟ್ಟು, ಬೆಲ್ಲದ ಪಾಕ, ತುಪ್ಪ. ತೇವ ಇಲ್ಲದ ಕಡೆ ಬ್ಯಾಕ್ಟೀರಿಯಾಕ್ಕೆ ಕೆಲಸ ಇಲ್ಲ. ಎಂಟು ದಿನದ ರವೆ ಉಂಡಿ ಮೂರು ದಿನದ ಖೋವಾಕ್ಕಿಂತ ನನಗೆ ಎಷ್ಟೋ ವಾಸಿ. ಅವ್ವ ರವೆ ಉಂಡಿಗೆ ಹಾಲು ಚಿಮುಕಿಸಿ ಕಟ್ಟುತ್ತಿದ್ದಳು. ಈಗ ನನಗೆಂದು ಹತ್ತು ಉಂಡಿ ಬರೀ ತುಪ್ಪದಲ್ಲಿ ಕಟ್ಟುತ್ತಾಳೆ. ಒಣಕೊಬ್ಬರಿ ಹಾಕಿದರೆ ಅದು ಕಮಟು ವಾಸನೆ ಬಂದಿರಬಾರದು, ಅಷ್ಟೇ.

ಶೇಂಗಾ, ಗೋಡಂಬಿ, ಅಕ್ರೋಟದ ಮಾತು ಬೇರೆ. ಇವುಗಳಲ್ಲಿ ಹಿಸ್ಟಮಿನ್ ಹೆಚ್ಚಿಲ್ಲ. ಆದರೆ ಮೈಯೊಳಗಿನ ಹಿಸ್ಟಮಿನ್ನನ್ನೇ ಹೊರಗೆ ತರಿಸುತ್ತವೆ ಎಂದು ಅನೇಕ ಪಟ್ಟಿಗಳು ಇವನ್ನು ಬಿಡಲು ಹೇಳುತ್ತವೆ. ಚಾಕಲೇಟು, ಕಿತ್ತಳೆ-ನಿಂಬೆ, ಸ್ಟ್ರಾಬೆರಿ, ಪಪ್ಪಾಯಿ, ಅನಾನಸ್ ಕೂಡ ಅದೇ ಸಾಲಿನಲ್ಲಿವೆ. ಇದಕ್ಕಿರುವ ಆಧಾರ ಗಟ್ಟಿಯಾದದ್ದಲ್ಲ, ಮತ್ತು ಒಬ್ಬರಿಂದ ಒಬ್ಬರಿಗೆ ಬದಲಾಗುತ್ತದೆ. ನನಗೆ ಶೇಂಗಾ ಉಂಡಿ ನಡೆಯುತ್ತದೆ, ಚಾಕಲೇಟ್ ಬರ್ಫಿ ನಡೆಯುವುದಿಲ್ಲ. ಇಲ್ಲಿ ಪಟ್ಟಿಯನ್ನು ನಂಬುವುದಕ್ಕಿಂತ ಒಂದೊಂದೇ ವಸ್ತುವನ್ನು ಸ್ವಲ್ಪ ಸ್ವಲ್ಪ ತಿಂದು, ಬರೆದಿಟ್ಟು ನೋಡುವುದೇ ದಾರಿ. ಅಂದಹಾಗೆ ಆ ಪಟ್ಟಿಗಳು ಹೆಚ್ಚಾಗಿ ಯುರೋಪಿನ ಅಡುಗೆಮನೆ ನೋಡಿ ಬರೆದವು. ಹಳೇ ಚೀಸು, ರೆಡ್ ವೈನು, ಹುಳಿ ಬರಿಸಿದ ಕೋಸು, ಒಣಗಿಸಿದ ಮಾಂಸ. ಸಜ್ಜಕ, ಮಾದಲಿಯನ್ನು ಅಲ್ಲಿ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ.

ಬಿಸಿಬಿಸಿಯಾಗಿ ಮಾಡಿ ಆಗಲೇ ಉಣ್ಣುವ ಸಿಹಿಗಳು ನಮ್ಮ ಪಾಲಿನ ಹಬ್ಬ. ಗೋಧಿ ಹುಗ್ಗಿ, ಸಜ್ಜಕ, ಶಾವಿಗೆ ಪಾಯಸ, ಕಡ್ಲಿಬ್ಯಾಳಿ ಹೋಳಿಗೆ. ಹೋಳಿಗೆಯನ್ನು ಆವತ್ತೇ ತುಪ್ಪದ ಜೊತೆ ಉಂಡರೆ ನನಗೇನೂ ಆಗಿಲ್ಲ. ಮರುದಿನಕ್ಕೆ ರುಚಿ ಏರುವ ಕಟ್ಟಿನ ಸಾರನ್ನು ಮಾತ್ರ ದೂರದಿಂದಲೇ ಕೈಮುಗಿದು ಬಿಡುತ್ತೇನೆ.

ಎಚ್ಚರ ಬೇಕಾದವೂ ಇವೆ. ಶ್ರೀಖಂಡ ಮೊಸರು ಕಟ್ಟಿ ಮಾಡಿದ್ದು, ಹುಳಿ ಬಂದಷ್ಟೂ ತೊಂದರೆ. ಜಿಲೇಬಿಯ ಹಿಟ್ಟನ್ನು ಸಾಂಪ್ರದಾಯಿಕವಾಗಿ ಹುಳಿ ಬರಿಸಿಯೇ ಕರಿಯುತ್ತಾರೆ, ಬಿಸಿ ಇದೆ ಎಂದ ಮಾತ್ರಕ್ಕೆ ಅದು ತಾಜಾ ಅಲ್ಲ. ಗೋಕಾಕದ ಕರದಂಟಿನಲ್ಲಿ ಒಣಹಣ್ಣು, ಬೀಜಗಳೇ ಹೆಚ್ಚು, ಸಣ್ಣ ತುಂಡಿನಿಂದ ಶುರು ಮಾಡಿ. ಬೆಳಗಾವಿ ಕುಂದಾ ಖೋವಾದ್ದು, ಹಾಗಾಗಿ ಪೇಢಾದ ಪ್ರಶ್ನೆಯೇ ಅದಕ್ಕೂ. ಕಣ್ಣು ಕುಕ್ಕುವ ಕೆಂಪು ಹಳದಿ ಬಣ್ಣದ ಸಿಹಿಗಳನ್ನು ನಾನು ಮುಟ್ಟುವುದಿಲ್ಲ. ಕೃತಕ ಬಣ್ಣಗಳೂ ಕೆಲವರಿಗೆ ಆಗಿಬರುವುದಿಲ್ಲ.

ಸಿಹಿಗೆ ಮೊದಲು ತಾಟಿನಲ್ಲಿ ಏನಿತ್ತು?

ಮದುವೆ ಊಟ ಮುಗಿಸಿ ತಲೆನೋವು ಬಂದರೆ ಎಲ್ಲರೂ ಬೈಯುವುದು ಕೊನೆಗೆ ತಿಂದ ಜಿಲೇಬಿಯನ್ನು. ಆದರೆ ಅದಕ್ಕಿಂತ ಮೊದಲು ತಾಟಿನಲ್ಲಿ ಬದನೆಕಾಯಿ ಎಣ್ಣೆಗಾಯಿ ಇತ್ತು, ಟೊಮೆಟೊ ಸಾರು ಇತ್ತು, ಪಾಲಕ್ ಇತ್ತು, ಹಳೆ ಉಪ್ಪಿನಕಾಯಿ ಇತ್ತು, ಹುಳಿ ಮಜ್ಜಿಗೆ ಇತ್ತು. ಬದನೆ, ಟೊಮೆಟೊ, ಪಾಲಕ್ ಮೂರರಲ್ಲೂ ತರಕಾರಿಗಳ ಮಟ್ಟಿಗೆ ಹಿಸ್ಟಮಿನ್ ಜಾಸ್ತಿ. ಬಚ್ಚಲು ಆಗಲೇ ಅಂಚಿನ ತನಕ ತುಂಬಿತ್ತು, ಜಿಲೇಬಿ ಕೊನೆಯ ತಂಬಿಗೆ ಅಷ್ಟೇ. ಸಿಹಿ ತಿನ್ನಲೇಬೇಕೆಂದಿರುವ ದಿನ ನಾನು ಮಧ್ಯಾಹ್ನ ರೊಟ್ಟಿ, ಹೀರೇಕಾಯಿ ಪಲ್ಯ, ಅನ್ನ ಇಷ್ಟಕ್ಕೇ ನಿಲ್ಲಿಸುತ್ತೇನೆ.

ವೀಕೆಂಡ್ ಪಾರ್ಟಿಯ ಗೆಳೆಯರಿಗೊಂದು ಮಾತು. ಬಿಯರ್, ವೈನುಗಳಲ್ಲಿ ಹಿಸ್ಟಮಿನ್ ಇರುತ್ತದೆ. ಜೊತೆಗೆ ಮದ್ಯ ಡಿಎಒ ಕೆಲಸಕ್ಕೂ ಅಡ್ಡಿ ಮಾಡುತ್ತದೆ. ಸುರಿಯುವುದೂ ಅದೇ, ಮೋರಿ ಕಟ್ಟುವುದೂ ಅದೇ. ಕೆಲವು ಔಷಧಿಗಳೂ ಹೀಗೆ ಡಿಎಒ ತಡೆಯುತ್ತವೆ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್, ಆ್ಯಂಟಿಬಯೋಟಿಕ್ ಜೊತೆ ಬರುವ ಕ್ಲಾವುಲಾನಿಕ್ ಆಮ್ಲ, ಬಿಪಿ-ಹೃದಯಕ್ಕೆ ಕೊಡುವ ವೆರಾಪಮಿಲ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್. ಇದನ್ನು ಓದಿ ಗುಳಿಗೆ ನಿಲ್ಲಿಸಬೇಡಿ, ವಿಶೇಷವಾಗಿ ಟಿಬಿ ಗುಳಿಗೆ. ಡಾಕ್ಟರಿಗೆ ಹೇಳಿ, ಅವರು ನೋಡಿಕೊಳ್ಳುತ್ತಾರೆ. ಕೋರ್ಸ್ ಮುಗಿಯುವ ತನಕ ಸಿಹಿಯೇ ಕಾಯಲಿ.

ರೀಲ್ಸ್ ನೋಡಿ ರೋಗ ಹಚ್ಚಿಕೊಳ್ಳಬೇಡಿ

ನಮ್ಮ ಕ್ಯಾಂಟೀನಿನಲ್ಲಿ ನನ್ನ ಕಥೆ ಕೇಳಿದ ಇಬ್ಬರು ವಾರದೊಳಗೆ “ನಮಗೂ ಅದೇ ಐತಿ ಅನ್ನಸ್ತೈತ್ರಿ” ಎಂದು ಬಂದರು. ಮೊಬೈಲಿನಲ್ಲಿ ಹುಡುಕಿದರೆ ತಲೆನೋವು, ಸುಸ್ತು, ಗ್ಯಾಸು ಎಲ್ಲವೂ ಹಿಸ್ಟಮಿನ್ನೇ ಅನ್ನಿಸುತ್ತದೆ. ಅವರಲ್ಲಿ ಒಬ್ಬನಿಗೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗುವುದಿಲ್ಲ ಎಂದು ಆಮೇಲೆ ತಿಳಿಯಿತು. ಪೇಢಾ ತಿಂದು ಹೊಟ್ಟೆ ಗುಡುಗುಡು ಅಂದರೆ ಮೊದಲು ಅನುಮಾನಿಸಬೇಕಾದ್ದು ಅದನ್ನೇ. ಅದಕ್ಕೆ ತಾಜಾ-ಹಳತು ಭೇದ ಇಲ್ಲ.

ಹಿಸ್ಟಮಿನ್ ಇಂಟಾಲರೆನ್ಸನ್ನು ಒಂದೇ ಏಟಿಗೆ ಖಚಿತವಾಗಿ ಹೇಳುವ ಪರೀಕ್ಷೆ ಇಲ್ಲ. ರಕ್ತದಲ್ಲಿ ಡಿಎಒ ಅಳೆಯುವ ಪರೀಕ್ಷೆ ಇದೆ, ಆದರೆ ಅದರ ಸಂಖ್ಯೆಯೊಂದನ್ನೇ ನಂಬಿ ತೀರ್ಮಾನಿಸುವಂತಿಲ್ಲ ಎಂಬುದು ತಜ್ಞರ ಮಾತು. ಜರ್ಮನಿಯ ಅಲರ್ಜಿ ತಜ್ಞರ ಮಾರ್ಗಸೂಚಿಯ ಕ್ರಮ ಸರಳವಾಗಿದೆ. 10ರಿಂದ 14 ದಿನ ಹಿಸ್ಟಮಿನ್ ಕಡಿಮೆ ಇರುವ ಊಟ. ಆಮೇಲೆ ಹೆಚ್ಚೆಂದರೆ 6 ವಾರ, ಬಿಟ್ಟದ್ದನ್ನು ಒಂದೊಂದಾಗಿ ಮತ್ತೆ ತಿಂದು ನೋಡುವುದು. ಅದರಿಂದ ತಿಳಿದದ್ದನ್ನು ಹಿಡಿದು ತನ್ನದೇ ಊಟ ಕಟ್ಟಿಕೊಳ್ಳುವುದು. ಜನ ಸೋಲುವುದು ಎರಡನೆಯ ಹಂತದಲ್ಲಿ. ಮೊದಲ ಎರಡು ವಾರದ ಪಥ್ಯ ಹಿತವಾಗಿ ಕಂಡರೆ ಅಲ್ಲೇ ನಿಂತುಬಿಡುತ್ತಾರೆ. ಕಾಳಿಲ್ಲ, ಮೊಸರಿಲ್ಲ, ಹಣ್ಣಿಲ್ಲ. ಆರು ತಿಂಗಳಿಗೆ ಮೈ ಇಳಿದು, ಹಿಮೋಗ್ಲೋಬಿನ್ ಇಳಿದು, ಯಾರ ಮನೆಗೂ ಊಟಕ್ಕೆ ಹೋಗದೆ ಕೂರುತ್ತಾರೆ. ಪಥ್ಯ ಇರುವುದು ಮರಳಿ ತಿನ್ನಲಿಕ್ಕೆ. ಆಹಾರತಜ್ಞರೊಬ್ಬರು ಜೊತೆಗಿದ್ದರೆ ಈ ದಾರಿ ಸಲೀಸು.

ಆನ್‌ಲೈನಿನಲ್ಲಿ ಡಿಎಒ ಗುಳಿಗೆಗಳು ಸಿಗುತ್ತವೆ, ಊಟಕ್ಕೆ ಮೊದಲು ನುಂಗಿದರೆ ಆಯಿತು ಎಂಬ ಜಾಹೀರಾತಿನೊಂದಿಗೆ. ಹುಬ್ಬಳ್ಳಿಯ ಸಸ್ಯಾಹಾರಿ ಮನೆಗಳವರು ಬಾಟಲಿ ತಿರುಗಿಸಿ ಓದಬೇಕು. ಇವುಗಳಲ್ಲಿ ಹೆಚ್ಚಿನವನ್ನು ಹಂದಿಯ ಮೂತ್ರಪಿಂಡದಿಂದ ತೆಗೆಯುತ್ತಾರೆ. ಬಟಾಣಿ ಮೊಳಕೆಯಿಂದ ತೆಗೆದವೂ ಇವೆ. ಯಾವುದಾದರೂ ಸರಿ, ಅವು ಕರುಳಿನಲ್ಲಿ ಆ ಊಟದ ಮಟ್ಟಿಗೆ ಕೆಲಸ ಮಾಡುವಂಥವು. ಡಾಕ್ಟರನ್ನು ಕೇಳದೆ ಬೇಡ.

ಒಂದು ಸಂಗತಿಯಲ್ಲಿ ಮಾತ್ರ ಲೆಕ್ಕಾಚಾರ ಬೇಡವೇ ಬೇಡ. ಸಿಹಿ ತಿಂದ ನಿಮಿಷಗಳಲ್ಲೇ ತುಟಿ, ನಾಲಿಗೆ, ಗಂಟಲು ಊದಿಕೊಂಡರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದರೆ ಅದನ್ನು ‘ಹಿಸ್ಟಮಿನ್ ಜಾಸ್ತಿ ಆಗೈತಿ’ ಎಂದು ಸಿಟ್ರಿಜಿನ್ ನುಂಗಿ ಮಲಗಬೇಡಿ. ಗೋಡಂಬಿ, ಶೇಂಗಾ, ಪಿಸ್ತಾ, ಎಳ್ಳು, ಹಾಲು ಯಾವುದರ ನಿಜವಾದ ಅಲರ್ಜಿಯೂ ಹೀಗೆ ಬರಬಹುದು. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಅಲ್ಲಿ ಬೇಕಾಗುವುದು ಅಡ್ರಿನಲಿನ್ ಇಂಜೆಕ್ಷನ್, ಗುಳಿಗೆಯಲ್ಲ.

ಬಾಣಂತಿಯ ಅಂಟಿನುಂಡಿ

ಇತ್ತೀಚೆಗೆ ನಮ್ಮ ಅಕೌಂಟ್ಸಿನ ಗೆಳತಿಯೊಬ್ಬಳು ಫೋನ್ ಮಾಡಿದ್ದಳು. ಅವಳಿಗೂ ನನ್ನದೇ ತೊಂದರೆ, ಡಾಕ್ಟರೇ ಹೇಳಿದ್ದು. ಬಸುರಿಯಾಗಿದ್ದ ತಿಂಗಳುಗಳಲ್ಲಿ ಎಲ್ಲವೂ ಮಾಯ. ಪೇಢಾ, ಎಣ್ಣೆಗಾಯಿ, ಉಪ್ಪಿನಕಾಯಿ ಏನು ತಿಂದರೂ ದಕ್ಕುತ್ತಿತ್ತು. ಅದಕ್ಕೆ ಕಾರಣ ಇದೆ. ಗರ್ಭದಲ್ಲಿ ಮಾಸು ತಾನೇ ಡಿಎಒ ತಯಾರಿಸುತ್ತದೆ, ರಕ್ತದಲ್ಲಿ ಅದರ ಮಟ್ಟ ನೂರಾರು ಪಟ್ಟು ಏರುತ್ತದೆ. ಹೆರಿಗೆಯಾದ ಮೇಲೆ ಇಳಿಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ತವರಿನಿಂದ ಅಂಟಿನುಂಡಿಯ ಡಬ್ಬಿ ಬರುತ್ತದೆ. ಅಂಟು, ಉತ್ತತ್ತಿ, ಒಣಕೊಬ್ಬರಿ, ಬದಾಮಿ, ಗೋಡಂಬಿ, ಗಸಗಸೆ, ಬೆಲ್ಲ. “ಮುಖ ಮತ್ತ ಕೆಂಪಾಗಾಕತ್ತೈತಿ ಅಕ್ಕಾ, ಅವ್ವಗ ಹೆಂಗ್ ಹೇಳ್ಲಿ?” ಎಂಬುದು ಅವಳ ಪ್ರಶ್ನೆ.

ಹಾಲೂಡಿಸುವ ತಾಯಿ ತಾನಾಗಿ ಪಥ್ಯ ಶುರು ಮಾಡಬಾರದು, ಅವಳಿಗೆ ಶಕ್ತಿ ಬೇಕು. ಹಾಗಾಗಿ ಮೊದಲು ಡಾಕ್ಟರಿಗೆ ಫೋನ್ ಮಾಡಿಸಿದೆ. ಅವರು ಎಲ್ಲವನ್ನೂ ಒಟ್ಟಿಗೆ ಬಿಡುವುದು ಬೇಡ ಎಂದರು. ಅಂಟಿನುಂಡಿಯನ್ನೇ ಎರಡು ಬಗೆಯಾಗಿ ಕಟ್ಟಲು ಅವಳ ಅವ್ವ ಒಪ್ಪಿದಳು. ಒಂದರಲ್ಲಿ ಅಂಟು, ಬೆಲ್ಲ, ತುಪ್ಪ, ಹೊಸ ಕೊಬ್ಬರಿ, ಬದಾಮಿ. ಇನ್ನೊಂದರಲ್ಲಿ ಅದರ ಮೇಲೆ ಗೋಡಂಬಿ, ಉತ್ತತ್ತಿ. ಮೊದಲನೆಯದು ನಾಲ್ಕು ದಿನ ತಿಂದಳು, ಏನೂ ಆಗಲಿಲ್ಲ. ಎರಡನೆಯದನ್ನು ಬರುವ ಸೋಮವಾರದಿಂದ ಅರ್ಧರ್ಧ ಉಂಡಿ ತಿಂದು ನೋಡುತ್ತಾಳಂತೆ. ಬರೆದಿಡಲಿಕ್ಕೆ ಮಗುವಿನ ಲಸಿಕೆ ಪುಸ್ತಕದ ಹಿಂದಿನ ಹಾಳೆಯನ್ನೇ ಬಳಸುತ್ತಿದ್ದಾಳೆ.